ಎರಡಿಪ್ಪತ್ತರ ಮೇಲೆ ಆರು

ಉಗಾರ ಬುದ್ರುಕದ ಹೊಳೆದಂಡೆಯಲ್ಲಿ ಕುರಿ ನಿಲ್ಲಿಸಿಕೊಂಡು, ನನ್ನ ಮೇಲೆ ಸಿಟ್ಟು ಇಟ್ಟುಕೊಂಡು ಕುಳಿತಿರುವ ಗೆಳೆಯ ಕಾಡಸಿದ್ದನಿಗೆ, ಅಲಖನೂರಿನಿಂದ ರಾವಸಾಹೇಬನ ಶರಣು.

ಫೋನ್ ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಕಟ್ ಮಾಡುತ್ತೀಯ. ಒಂಬತ್ತು ಸಲ ಆಯಿತು. ಅದಕ್ಕೇ ಈ ಕಾಗದ. ಇದನ್ನು ನಿನಗೆ ಓದಿ ಹೇಳುವವಳು ಸೊಸೆ ಗಂಗಾ. ಕೊನೆಯ ಸಾಲಿನವರೆಗೆ ಅವಳು ನಿನ್ನನ್ನು ಏಳಲು ಬಿಡುವುದಿಲ್ಲ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಗಂಗವ್ವಾ, ನಿಧಾನಕ್ಕೆ ಓದು ತಾಯಿ. ನನ್ನ ಅಕ್ಷರ ಏಳನೆಯ ಇಯತ್ತೆಯಲ್ಲಿ ನಿಂತದ್ದು, ಮುಂದಕ್ಕೆ ಹೋಗಲೇ ಇಲ್ಲ. ನಿಮ್ಮ ಮಾವ ಮೂರಕ್ಕೇ ಶಾಲೆ ಬಿಟ್ಟು ಕುರಿ ಹಿಂದೆ ಹೋದ. ಜಾಣ.

ಕಾಡಸಿದ್ದ, ನನ್ನ ಸ್ವಭಾವ ನಿನಗೆ ಗೊತ್ತು. ಮೋಡ ಬಂದರೆ ದ್ರಾಕ್ಷಿಗೆ ರೋಗ ಬಂದೀತೆಂದು ಹೆದರುತ್ತೇನೆ, ಮೋಡ ಬರದಿದ್ದರೆ ಕಬ್ಬು ಒಣಗೀತೆಂದು ಹೆದರುತ್ತೇನೆ. ನನ್ನ ಹೆಂಡತಿ ಕೆಂಚವ್ವ ಎರಡು ಸಲ ಸೀನಿದರೆ ಮೂರನೆಯದು ಯಾಕೆ ಬರಲಿಲ್ಲ ಎಂದು ಯೋಚಿಸುತ್ತೇನೆ. ಇದನ್ನು ನೋಡಿ ನೋಡಿ ಬೇಸತ್ತು ನಿಪ್ಪಾಣಿಯ ಮಗಳು ಕೋಮಲ ನನ್ನ ಕೈಗೆ ಒಂದು ವಾಚು ಕಟ್ಟಿ ಹೋದಳು. ಎದೆ ನಿಮಿಷಕ್ಕೆ ಎಷ್ಟು ಸಲ ಬಡಿಯುತ್ತದೆ ಎಂದು ಅದು ತೋರಿಸುತ್ತದೆ. "ಇದನ್ನ ನೋಡ್ಕೋತ ಇರ್ರಿ ಪಪ್ಪಾ, ಮನಸಿಗೆ ಸಮಾಧಾನ ಆಕ್ಕೈತಿ" ಅಂದಳು. ಅವಳ ಉದ್ದೇಶ ಒಳ್ಳೆಯದೇ.

ವಾಚಿನ ಜೊತೆ ಬಂದ ಚೀಟಿಯಲ್ಲಿ, ಸುಮ್ಮನೆ ಕುಳಿತಾಗ ಅರವತ್ತರಿಂದ ನೂರು ಇರಬೇಕು ಎಂದು ಬರೆದಿತ್ತು. ನಾನು ಶಾಲೆಯ ಲೆಕ್ಕ ಹಿಡಿದೆ. ಅರವತ್ತಾದರೆ ಪಾಸು, ನೂರೆಂದರೆ ನೂರಕ್ಕೆ ನೂರು. ನನ್ನದು ತೊಂಬತ್ತೆಂಟು ಬರುತ್ತಿತ್ತು. ಗಣಿತದಲ್ಲಿ ಹನ್ನೊಂದು ತೆಗೆದು ಶಾಲೆ ಬಿಟ್ಟವನಿಗೆ ತೊಂಬತ್ತೆಂಟು! ಉಳಿದ ಎರಡು ಎಲ್ಲಿ ಹೋದವು ಎಂಬುದೊಂದೇ ನನ್ನ ಚಿಂತೆಯಾಗಿತ್ತು.

ಇನ್ನು ಸುಮ್ಮನೆ ಕೂಡುವ ಮಾತು. ನಮ್ಮ ಕಡೆ ಗಂಡಸು ಸುಮ್ಮನೆ ಕುಳಿತನೆಂದರೆ ಅಂಗೈಯಲ್ಲಿ ತಂಬಾಕು, ಹೆಬ್ಬೆರಳಿನಲ್ಲಿ ಸುಣ್ಣ ಇದ್ದೇ ಇರುತ್ತದೆ. ನಾನು ದಿನಾ ಬೆಳಗ್ಗೆ ಕಟ್ಟೆಯ ಮೇಲೆ ಕುಳಿತು, ಹದವಾಗಿ ತಿಕ್ಕಿ, ತಟ್ಟಿ, ದವಡೆಗೆ ಇಟ್ಟುಕೊಂಡು, ಐದು ನಿಮಿಷ ಕಣ್ಣು ಮುಚ್ಚಿ, ಪೂರ್ತಿ ಶಾಂತನಾದ ಮೇಲೆಯೇ ವಾಚು ನೋಡುತ್ತಿದ್ದೆ. ಚೀಟಿಯ ಮಾತನ್ನು ನಾನು ಚಾಚೂ ತಪ್ಪದೆ ಪಾಲಿಸಿದೆ ಎಂದೇ ನಂಬಿದ್ದೆ.

ಆಮೇಲೆ ಆ ದಿನ ಬಂತು. ಕಬ್ಬು ಕಡಿದ ತೆಂಕಣ ಹೊಲದಲ್ಲಿ, ವರ್ಷದ ಪದ್ಧತಿಯಂತೆ, ಗೊಬ್ಬರಕ್ಕೆಂದು ನಿನ್ನ ಕುರಿ ನಿಂತು ಮೂರು ದಿನವಾಗಿತ್ತು. ನೀನು ಕಂಬಳಿಯ ಮೇಲೆ ಕಾಲು ಚಾಚಿ ಚಹಾಕ್ಕೆ ಕಾಯುತ್ತಿದ್ದೆ. ಚಂದ ಕಾಣುತ್ತದೆಂದು ನಿನ್ನ ಕೈಗೆ ವಾಚು ಕಟ್ಟಿದೆ. ನಲವತ್ತಾರು. ಬಿಚ್ಚಿ ಒರೆಸಿ ಕಟ್ಟಿದೆ. ನಲವತ್ತಾರೇ. ನೀನು ನಕ್ಕು, ಬೇನೆಬಿದ್ದ ಕುರಿಯ ತೊಡೆಯೊಳಗೆ ನಾಡಿ ಹಿಡಿಯುವ ಅದೇ ಎರಡು ಬೆರಳನ್ನು ನಿನ್ನ ಮಣಿಕಟ್ಟಿನ ಮೇಲಿಟ್ಟೆ. ನಾನು ನಿಮಿಷ ಹೇಳಿದೆ, ನೀನು ಕುರಿ ಎಣಿಸುವ ಹಾಗೆ ಇಪ್ಪತ್ತಿಪ್ಪತ್ತರಲ್ಲಿ ಎಣಿಸಿದೆ. "ಎರಡಿಪ್ಪತ್ತರ ಮ್ಯಾಲ ಆರು. ಬರೋಬ್ಬರಿ ಐತಿ ತಗೋ" ಅಂದೆ. ಎಂಥ ಬರೋಬ್ಬರಿ? ಪಾಸಾಗಲು ಇನ್ನೂ ಹದಿನಾಲ್ಕು ಬೇಕಿತ್ತು.

ನೀನು ಕುರಿಗೆ ನೀರು ಕುಡಿಸಲು ಹೋದೆ. ನಾನು ನಿನ್ನ ಹೆಂಡತಿ ಹೊಳೆವ್ವನ ಹತ್ತಿರ ಹೋದೆ. ಅಲ್ಲೇ ನಾನು ಕೆಟ್ಟದ್ದು. ಹೇಳಬಾರದು ಎಂದುಕೊಂಡೇ ಹೋಗಿದ್ದೆ, ನಿಜ. ಆದರೆ ಅವಳು "ಯಾಕ್ರಿ, ಮುಖ ಯಾಕ ಬಾಡೇತಿ?" ಎಂದು ಕೇಳಿದ ಕೂಡಲೇ, ನಿನ್ನ ಎದೆ ನಿಲ್ಲಲು ಬಂದಿದೆ ಎಂದು ಬಾಯಿಂದ ಬಿದ್ದುಹೋಯಿತು. ಅವಳು ಎದೆ ಬಡಿದುಕೊಂಡ ಶಬ್ದ ನಿನಗೆ ಬಾವಿಯ ತನಕ ಕೇಳಿಸಿತಂತೆ.

ಮುಂದಿನದು ನಿನಗೆ ಗೊತ್ತಿದ್ದರೂ ಬರೆಯುತ್ತೇನೆ, ತಪ್ಪನ್ನು ಪೂರ್ತಿ ಒಪ್ಪಿಕೊಳ್ಳಬೇಕಲ್ಲ. ಸಂಜೆಯೊಳಗೆ ಬೀಗರೆಲ್ಲ ಬುತ್ತಿ ಕಟ್ಟಿಕೊಂಡು ಬಂದರು. ಎರಡು ದಿನ ನಿನ್ನನ್ನು ಕಂಬಳಿಯಿಂದ ಏಳಗೊಡಲಿಲ್ಲ. ದಿನಕ್ಕೆ ನಾಲ್ಕು ಹರದಾರಿ ನಡೆಯುವವನನ್ನು ಬೇಲಿಯವರೆಗೆ ಹೋಗಲೂ ಇಬ್ಬರು ಹಿಡಿದುಕೊಂಡರು. ರಾಗಿ ಗಂಜಿ ಕುಡಿಸಿದರು. ನೀನಿಲ್ಲದೆ ದಾರಿ ತಪ್ಪಿದ ಕುರಿ ಪಕ್ಕದ ಹೊಲದ ದುಂಡವ್ವನ ಗೋವಿನಜೋಳಕ್ಕೆ ನುಗ್ಗಿದವು, ಅವಳ ಬಾಯಿಗೆ ನಾನು ಸಿಕ್ಕೆ. ಎಲ್ಲಕ್ಕಿಂತ ಮೇಲಾಗಿ, ನಿನ್ನ ಎದುರಿಗೇ ಚಹಾ ಕುಡಿಯುತ್ತ, ನಿನ್ನ ಆ ಕರೇ ಟಗರು ಯಾರಿಗೆ ಹೋಗಬೇಕು ಎಂಬ ಮಾತು ಬಂದು, ಹೊಳೆವ್ವನ ತಮ್ಮ ಮಾಳಸಿದ್ದನಿಗೆ ಎಂದು ತೀರ್ಮಾನವೂ ಆಯಿತು. ಅವನು ಬೇಡ ಬೇಡ ಎನ್ನುತ್ತಲೇ ಟಗರಿನ ಹಲ್ಲು ನೋಡಿದ.

ಮೂರನೆಯ ದಿನ ರಾಯಬಾಗದ ಡಾಕ್ಟರ ಹತ್ತಿರ ನಿನ್ನನ್ನು ಕರೆದೊಯ್ದವನೂ ನಾನೇ, ಅದನ್ನು ಮರೆಯಬೇಡ. ಅವರು ತಲೆ ತಿರುಗುತ್ತದೆಯೇ, ದಮ್ಮು ಹತ್ತುತ್ತದೆಯೇ, ಕಣ್ಣಿಗೆ ಕತ್ತಲೆ ಬರುತ್ತದೆಯೇ ಎಂದು ಕೇಳಿದರು. ಎಲ್ಲದಕ್ಕೂ ನೀನು ಇಲ್ಲ ಎಂದೆ, ಹಸಿವಾಗಿದೆ ಎಂದು ಮಾತ್ರ ಹೇಳಿದೆ. ಎದೆಗೆ ವಾಯರು ಹಚ್ಚಿ ಪಟ್ಟಿ ತೆಗೆದು ನೋಡಿ ಅವರು ನಕ್ಕರು. "ತಲಿ ತಿರಗತಿದ್ರ ನಾನೂ ಚಿಂತಿ ಮಾಡತಿದ್ದೆ. ಇವರದು ನಡದೂ ನಡದೂ ಗಟ್ಟಿಯಾದ ಎದಿರಿ. ಒಂದ ಬಡಿತದಾಗ ಎರಡು ಬಡಿತದ ಕೆಲಸ ಮಾಡತೈತಿ."

ಆಮೇಲೆ ಅವರ ಕಣ್ಣು ನನ್ನ ಮೇಲೆ ಬಿತ್ತು. ಕೈ ಹಿಡಿದರು. ನಾನು ಹೆಮ್ಮೆಯಿಂದಲೇ ಕೊಟ್ಟೆ. ತೊಂಬತ್ತೆಂಟು. "ಬಾಯಾಗ ಏನೈತ್ರಿ?" ಎಂದು ಕೇಳಿದರು. ಶಾಂತವಾಗಿರಲೆಂದು ಇಟ್ಟುಕೊಂಡಿದ್ದೇನೆ ಎಂದೆ. ಉಗುಳಿ ಬರಲು ಹೇಳಿದರು. ಬಂದ ಮೇಲೆ, ನಿಂತ ಟ್ರ್ಯಾಕ್ಟರಿನ ಇಂಜಿನ್ನು ಸುಮ್ಮಸುಮ್ಮನೆ ಜೋರಾಗಿ ಓಡುತ್ತಿದ್ದರೆ ನೀವು ಖುಷಿ ಪಡುತ್ತೀರಾ ಎಂದು ಕೇಳಿದರು. ತಂಬಾಕು, ನಡೆಯದ ಕಾಲು, ನಿದ್ದೆಗೆಟ್ಟ ಚಿಂತೆ, ಎಲ್ಲ ಸೇರಿ ಎದೆಯನ್ನು ಕುಳಿತಲ್ಲೇ ಓಡಿಸುತ್ತವಂತೆ. ವರ್ಷಗಟ್ಟಲೆ ಹಾಗೆ ಓಡಿದರೆ ಒಳ್ಳೆಯದಲ್ಲವಂತೆ. ನನಗೆ ಇನ್ನೆಷ್ಟು ಆಯುಷ್ಯ ಎಂದು ಕೇಳಿದೆ. ಒಂದು ಅಂಕಿ ನೋಡಿ ಆಯುಷ್ಯ ಹೇಳಲು ಪಂಚಾಂಗ ಇಟ್ಟುಕೊಂಡಿಲ್ಲ, ಬೆಳಗ್ಗೆ ಎದ್ದ ಕೂಡಲೇ, ಹಾಸಿಗೆಯಲ್ಲೇ, ಖಾಲಿ ಬಾಯಿಂದ ಎಣಿಸಿ ಬರೆದಿಡಿ, ತಿಂಗಳಾದ ಮೇಲೆ ಬನ್ನಿ ಎಂದರು.

ಹೊರಗೆ ಬಂದು ನೀನು ಒಂದೇ ಮಾತು ಆಡಿದೆ. "ಸಾಯಾಕ ನನಗ ಹೆದರಿಕಿ ಇಲ್ಲೋ ರಾವಸಾಬ. ನಾ ಕುಂತಿದ್ದಂಗ ನನ್ನ ಟಗರ ಹಂಚಿಸಿದೆಲ್ಲ, ಅದು ನುಂಗಾಕ ಆಗವಲ್ದು." ಮರುದಿನ ಬೆಳಗ್ಗೆ ಹೊಲ ಖಾಲಿ. ಇನ್ನೂ ಐದು ದಿನ ನಿಲ್ಲಬೇಕಾಗಿದ್ದ ಕುರಿಯನ್ನು ಹೊಡೆದುಕೊಂಡು ನೀನು ಕುಡಚಿ ಸೇತುವೆ ದಾಟಿ ಹೋಗಿದ್ದೆ.

ನಲವತ್ತೊಂದು ದಿನವಾಯಿತು. ತಂಬಾಕು ಬಿಟ್ಟಿದ್ದೇನೆ. ಮೊದಲ ವಾರ ಮನೆಯವರ ಮೇಲೆಲ್ಲ ಹರಿಹಾಯ್ದೆ. "ಎದಿ ತಣ್ಣಗಾಗೂತನಕ ನೀವು ದ್ರಾಕ್ಷಿ ತ್ವಾಟದಾಗ ಇರ್ರಿ" ಎಂದು ಕೆಂಚವ್ವ ಊಟವನ್ನು ಅಲ್ಲಿಗೇ ಕಳಿಸಿದಳು. ದಿನಾ ಹಳ್ಳದವರೆಗೆ ನಡೆದು ಬರುತ್ತೇನೆ. ಅಂಕಿಯನ್ನು ಕ್ಯಾಲೆಂಡರಿನ ಮೇಲೆ ಬರೆಯುತ್ತೇನೆ. ಮೊದಲ ದಿನ ತೊಂಬತ್ತೆರಡು, ಆಮೇಲೆ ಎಂಬತ್ತೆಂಟು, ಎಂಬತ್ತಮೂರು. ಇವತ್ತು ಎಪ್ಪತ್ತಾರು. ಜೀವನದಲ್ಲಿ ಮೊದಲ ಸಲ ಅಂಕ ಕಡಿಮೆಯಾದರೆ ಮನೆಯಲ್ಲಿ ಹೊಗಳುತ್ತಾರೆ.

ಆದರೆ ಒಂದು ಸಂಗತಿ ಡಾಕ್ಟರಿಗೂ ಹೇಳಿಲ್ಲ. ಹಾಸಿಗೆಯಿಂದ ಎದ್ದು ಕಿಟಕಿ ತೆರೆದು ತೆಂಕಣ ಹೊಲ ನೋಡುತ್ತೇನೆ. ಅಲ್ಲಿ ಕುರಿ ಇಲ್ಲ, ನಾಯಿ ಇಲ್ಲ, ನಿನ್ನ ಕಂಬಳಿ ಇಲ್ಲ. ಆಗ ವಾಚು ನೋಡಿದರೆ ಎಂಬತ್ತೊಂಬತ್ತು. ಬೇರೆ ಎರಡು ಹಿಂಡಿನವರು ಬಂದು ಕೇಳಿದರು, ಬೇಡ ಎಂದೆ. ಮಳೆ ಹತ್ತುವುದಕ್ಕೆ ಮುಂಚೆ ಆ ಹೊಲದಲ್ಲಿ ಐದು ದಿನದ ಕುರಿ ಬಾಕಿ ಇದೆ, ಅದು ನಿನ್ನದೇ ಆಗಬೇಕು. ನಮ್ಮಪ್ಪನ ಕಾಲದಿಂದ ಅಲ್ಲಿ ನಿಮ್ಮ ಮನೆಯ ಕುರಿ ಬಿಟ್ಟು ಬೇರೆ ಕುರಿ ನಿಂತಿಲ್ಲ. ನನಗೆ ನಿಜವಾಗಿ ಹೆದರಿಕೆ ಇರುವುದು ಇದೊಂದಕ್ಕೇ: ನೀನು ಬರದೆ ಹೋದರೆ?

ಗಂಗವ್ವಾ, ಇಲ್ಲಿ ಸ್ವಲ್ಪ ನಿಂತು ಮಾವನ ಮುಖ ನೋಡು. ಮೀಸೆ ಅಲುಗಾಡಿದ್ದರೆ ಮುಂದೆ ಓದು. ಅಲುಗಾಡದಿದ್ದರೂ ಓದು.

ಮಾಳಸಿದ್ದನ ಹತ್ತಿರ ನಾನೇ ಹೋಗಿ, ಟಗರಿನ ಮಾತು ಮುರಿದು ಬಂದಿದ್ದೇನೆ. ಇನ್ನು ನೂರು ವರ್ಷ ಅದರ ಸುದ್ದಿ ಎತ್ತುವುದಿಲ್ಲ ಎಂದು ಮಾತು ಕೊಟ್ಟಿದ್ದಾನೆ. ವಾಚನ್ನು ಇನ್ನು ಯಾರ ಕೈಗೂ ಕಟ್ಟುವುದಿಲ್ಲ. ನೀನು ಬಂದ ದಿನ ನಿನ್ನ ಎರಡು ಬೆರಳಿನಿಂದಲೇ ನನ್ನ ಕೈ ಹಿಡಿದು ಇಪ್ಪತ್ತಿಪ್ಪತ್ತರಲ್ಲಿ ಎಣಿಸು. ಆ ದಿನ ಐದಿಪ್ಪತ್ತು ದಾಟಿದರೂ ಹೊಳೆವ್ವನಿಗೆ ಹೇಳಬೇಡ. ಅದು ರೋಗವಾಗಿರುವುದಿಲ್ಲ.

ನಿನ್ನ ಎದೆ ಹೀಗೇ ನಿಧಾನವಾಗಿ ಬಡಿಯಲಿ, ನಿನ್ನ ಕಾಲು ಮಾತ್ರ ಬೇಗ ಬರಲಿ.

ಕಿಟಕಿಯ ಹತ್ತಿರವೇ ಕುಳಿತಿರುವ,
ರಾವಸಾಹೇಬ