ಸೀರೆಯಷ್ಟು ಅಗಲದ ಪರದೆ

ಬನಹಟ್ಟಿ
ಮಂಗಳವಾರ, 11 ಫೆಬ್ರುವರಿ 2025

ಪ್ರೀತಿಯ ಶೇವಂತಕ್ಕಾ,

ನಿನ್ನ ತಮ್ಮ ನವ್ಯಾನ ನಮಸ್ಕಾರ. ಮೊದಲು ನಿನ್ನ ಮೊಣಕಾಲು ಹೇಗಿದೆ ಹೇಳು. ಹೋದ ಸಲ ಬಂದಾಗ ಮೆಟ್ಟಿಲು ಹತ್ತುವಾಗೆಲ್ಲ ಕಟಕಟ ಎನ್ನುತ್ತಿತ್ತು. ಎಣ್ಣೆ ತಿಕ್ಕಿಕೋ ಎಂದರೆ ನೀನು ಕೇಳುವವಳಲ್ಲ. ನಿನ್ನ ಯಜಮಾನರು, ಅಂದರೆ ನಮ್ಮ ಮಾಮಾ, ಅವರ ಕೆಮ್ಮು ಕಡಿಮೆಯಾಯಿತೇ? ಮಗ್ಗದ ಶೆಡ್ಡಿಗೆ ಹೋಗುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಲು ಹೇಳು. ನಿಮ್ಮ ಇಚಲಕರಂಜಿಯ ಹತ್ತಿ ಧೂಳು ನಮ್ಮೂರಿನದಕ್ಕಿಂತ ಮರ್ಯಾದಸ್ಥವೇನಲ್ಲ. ನಿನ್ನ ಮಗಳು ಶ್ರೀದೇವಿ ಪರೀಕ್ಷೆಗೆ ಓದುತ್ತಿದ್ದಾಳೋ, ಮದುವೆಯ ನೆಪ ಹೇಳಿ ಪುಸ್ತಕ ಕಟ್ಟಿಟ್ಟಿದ್ದಾಳೋ? ಇಲ್ಲಿ ಅಪ್ಪ, ಅವ್ವ ಆರಾಮ ಇದ್ದಾರೆ. ನಾನೂ ಆರಾಮ ಎಂದು ಬರೆಯಲು ಕೈ ಬರುತ್ತಿಲ್ಲ.

ಈ ಕಾಲದಲ್ಲಿ ಕಾಗದ ಯಾಕೆ ಎಂದು ಬೈಯುತ್ತೀಯೆಂದು ಗೊತ್ತು. ನಿನಗೆ ಫೋನು ಮಾಡಿದರೆ ಮಾಮಾ ಎತ್ತಿ ಸ್ಪೀಕರ್ ಹಾಕುತ್ತಾರೆ, ಮನೆಯವರೆಲ್ಲ ಸುತ್ತ ಕೂತು "ಮದುಮಗಾ, ಊಟ ಆತೇನೋ" ಎಂದು ನಗುತ್ತಾರೆ. ಆ ನಗುವಿನ ನಡುವೆ ಇದನ್ನು ಹೇಳಲು ನನ್ನಿಂದ ಆಗುವುದಿಲ್ಲ. ಎರಡು ಸಲ ಮಾಡಿದೆ, ಎರಡು ಸಲವೂ ಜೋಳದ ಬೆಳೆಯ ಮಾತಾಡಿ ಇಟ್ಟುಬಿಟ್ಟೆ. ನಾಳೆ ಬೆಳಿಗ್ಗೆ ಗುರುಸಿದ್ದ ನೂಲು ತರಲು ನಿಮ್ಮೂರಿಗೆ ಟೆಂಪೋ ಒಯ್ಯುತ್ತಾನೆ, ಅವನ ಕೈಯಲ್ಲಿ ಕೊಡುತ್ತೇನೆ. ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ, ಬೇರೆಯವರ ಕೈಲಿ ಓದಿಸಬೇಡ. ಒಬ್ಬಳೇ ಕೂತು ಓದು.

ಜಮಖಂಡಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ನನ್ನ ಗೆಳೆಯ ಸಂಜಯ ನಿನಗೆ ಗೊತ್ತಲ್ಲ, ನಿನ್ನ ಕೈಯ ಶೇಂಗಾ ಹೋಳಿಗೆ ತಿಂದು ಇನ್ನೂ ಹೊಗಳುವವನು. ಸಂಕ್ರಾಂತಿ ಆದ ಮೇಲೆ ಒಂದು ದಿನ ಬಾಗಿಲಷ್ಟು ಉದ್ದದ ಡಬ್ಬಿ ಹೇರಿಕೊಂಡು ನಮ್ಮ ಮನೆಗೆ ಬಂದ. ಒಳಗೆ ನಲವತ್ತೊಂಬತ್ತು ಇಂಚಿನ ಬಾಗಿದ ಮಾನಿಟರ್. ಎರಡು ದೊಡ್ಡ ಮಾನಿಟರ್‌ಗಳನ್ನು ಜೋಡಿಸಿ ನಡುವಿನ ಗೆರೆ ಅಳಿಸಿದಂತೆ ಅಗಲ, ಎರಡೂ ತುದಿ ನಮ್ಮ ಕಡೆಗೆ ಬಾಗಿವೆ. ತನ್ನ ಗಿರಾಕಿಗಳಿಗಾಗಿ ಅವನು ಇಂಥ ಸಾಮಾನುಗಳ ಬಗ್ಗೆ ವಿಡಿಯೋ ಮಾಡಿ ಹಾಕುತ್ತಾನೆ. ಸೀರೆ ಡಿಸೈನು ಮಾಡುವವನೂ ಆಟ ಆಡುವವನೂ ಒಬ್ಬನೇ ಆಗಿರುವುದರಿಂದ ನನ್ನನ್ನು ಹಿಡಿದ. "ಕೆಲಸಕ್ಕ ಹ್ಯಾಂಗ ಐತಿ, ಆಟಕ್ಕ ಹ್ಯಾಂಗ ಐತಿ, ಎರಡೂ ನೋಡಿ ಖರೆ ಹೇಳ. ಛಲೋ ಇಲ್ಲಂದ್ರ ಇಲ್ಲ ಅಂತ ಹೇಳ" ಎಂದ. ಮೇಜಿನ ಮೇಲೆ ಇಟ್ಟದ್ದೇ ತಡ, ಅವ್ವ ಕಪಾಟಿನಿಂದ ಒಂದು ಸೀರೆ ತಂದು ಅದರ ಅಡ್ಡಕ್ಕೆ ಹಿಡಿದಳು. ಈ ಅಂಚಿನಿಂದ ಆ ಅಂಚಿಗೆ, ಸೀರೆಯ ಅಗಲವೂ ಪರದೆಯ ಅಗಲವೂ ಸರಿಸುಮಾರು ಒಂದೇ! "ಇದು ಟೀವಿ ಅಲ್ಲೋ, ಸೀರಿ ಒಣಾ ಹಾಕೂ ಹಗ್ಗ" ಎಂದು ಅವ್ವ ನಕ್ಕಳು. ನನಗಂತೂ ಹಬ್ಬವೇ ಆಯಿತು. ಹಳೆಯ ಸಣ್ಣ ಮಾನಿಟರಿನಲ್ಲಿ ಸೀರೆಯನ್ನು ತುಂಡು ತುಂಡಾಗಿ ಸರಿಸಿ ನೋಡಬೇಕಿತ್ತು. ಇಲ್ಲಿ ಎಡ ಅಂಚು, ಒಡಲು, ಬಲ ಅಂಚು ಮೂರೂ ಮಗ್ಗದಿಂದ ಇಳಿಯುವ ಅಳತೆಯಲ್ಲೇ ಒಟ್ಟಿಗೆ ಕಾಣುತ್ತವೆ ಎಂದು ನಂಬಿದೆ.

ನಮ್ಮ ಮನೆಗೆ ಬರುವ ಸೊಸೆಗೆ ಅಂಗಡಿಯ ಸೀರೆ ಇಲ್ಲ, ನಮ್ಮದೇ ಮಗ್ಗದ್ದು. ಅದಕ್ಕೇ ಆ ಪರದೆಯ ಮೇಲೆ ನಾನು ಮೊದಲು ಬಿಡಿಸಿದ್ದು ಶ್ರೀದೇವಿ ಮದುವೆಯ ಅಕ್ಕಿಕಾಳಿಗೆ ಉಡಬೇಕಾದ ಸೀರೆ. ಎರಡೂ ಅಂಚಿನಲ್ಲಿ ಗಿಳಿಗಳ ಸಾಲು, ಒಡಲಲ್ಲಿ ನಕ್ಷತ್ರದಂಥ ಸಣ್ಣ ಚಿಕ್ಕಿ. ಇಷ್ಟು ಮನಸ್ಸಿಟ್ಟು ನಾನು ಯಾವ ವ್ಯಾಪಾರಿಯ ಸೀರೆಯನ್ನೂ ಮಾಡಿಲ್ಲ. ನಡುವೆ ಕೂತು ಒಂದು ಸಲ ಇಡೀ ಸೀರೆ ನೋಡಿದೆ, ಎಲ್ಲ ಸರಿಯಿದೆ ಅನ್ನಿಸಿತು, ಮಗ್ಗಕ್ಕೆ ಕೊಟ್ಟೆ. ಒಂದು ಗೇಣು ಇಳಿಯುವಷ್ಟರಲ್ಲಿ ಅಪ್ಪ ಮಗ್ಗ ನಿಲ್ಲಿಸಿ ಕೂಗಿದ. ಎಡ ಅಂಚಿನ ಗಿಳಿಗಳ ತಲೆ ಒಂದು ಕಡೆ, ಮೈ ಒಂದು ಕಡೆ ಸರಿದಿತ್ತು. ಒಂದಲ್ಲ, ಇಡೀ ಸಾಲಿನ ಎಲ್ಲಾ ಗಿಳಿಗಳ ಕುತ್ತಿಗೆ ಕೊಯ್ದಂತೆ. ಮದುವೆಯ ಸೀರೆಯಲ್ಲಿ ಇದನ್ನು ನೋಡಿ ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. "ಇಷ್ಟ ದೊಡ್ಡ ಪರದಿ ಇಟ್ಕೊಂಡ ಕುಂತಿ, ಎಡಕಿನ ಅಂಚ ನೋಡೀ ಇಲ್ಲೇನ ಲೇ?" ಎಂದ ಅಪ್ಪ. ನೋಡಿದ್ದೆ ಅಕ್ಕಾ. ನೋಡಿದ್ದೇನೆ ಎಂದೇ ಅಂದುಕೊಂಡಿದ್ದೆ.

ತಪ್ಪು ಮಾನಿಟರಿನದೇ ಎಂದು ನಾನು ಹಟ ಹಿಡಿದೆ. ಆಟ ಆಡುವಾಗಲೂ ಹಾಗೇ ಆಗುತ್ತಿತ್ತು. ನನಗೂ ಸಂಜಯನಿಗೂ ಕಾರು ಓಡಿಸುವ ಒಂದು ಆಟದಲ್ಲಿ ಹಳೆಯ ಪೈಪೋಟಿ, ಅವನು ತನ್ನ ಅಂಗಡಿಯಿಂದ ಆಡುತ್ತಾನೆ, ನಾನು ಇಲ್ಲಿಂದ. ಹಳೆಯ ಮಾನಿಟರಿನಲ್ಲಿ ಅವನನ್ನು ಸೋಲಿಸುತ್ತಿದ್ದವನು ಈ ರಾಜಗಾಂಭೀರ್ಯದ ಪರದೆಯ ಮುಂದೆ ಕೂತು ಸಾಲಾಗಿ ಸೋತೆ. ಬದಿಯಿಂದ ಬರುವ ಗಾಡಿಗಳು ಆಕಾಶದಿಂದ ಉದುರಿದಂತೆ ಬಂದು ಗುದ್ದುತ್ತಿದ್ದವು. ಆಗ ಸಂಜಯನಿಗೆ ನನ್ನ ತೀರ್ಪು ಕಳಿಸಿದೆ: ಬಣ್ಣ ಚೆಂದ, ಅಕ್ಷರ ಸ್ಪಷ್ಟ, ಆದರೆ ಬಾಗು ಅತಿಯಾಗಿದೆ, ಎರಡೂ ತುದಿ ಮಬ್ಬಾಗಿವೆ, ಅಂಚಿನ ಕೆಲಸಕ್ಕೆ ಬರುವುದಿಲ್ಲ, ಆಟಕ್ಕಂತೂ ಬೇಡವೇ ಬೇಡ. ಅವನಿಗೆ ಸಿಟ್ಟು ಬಂತು. ಮರುದಿನವೇ ಬಂದ. ನನ್ನ ಕುರ್ಚಿಯಲ್ಲಿ ತಾನು ಕೂತು ನೋಡಿದ, ಅವ್ವನನ್ನು ಕೂರಿಸಿ ಕೇಳಿದ. ಅವ್ವ ಕನ್ನಡಕ ಏರಿಸಿಕೊಂಡು "ಎರಡೂ ಕಡೆ ಛಲೋ ಕಾಣಸ್ತೈತಲ್ಲೋ" ಎಂದಳು.

ಆಮೇಲೆ ನನ್ನನ್ನು ಆಟಕ್ಕೆ ಕೂರಿಸಿ ಅವನು ಹಿಂದೆ ನಿಂತ. "ಲೇ, ಎಡಕ್ಕ ಗಾಡಿ ಬಂತು. ಎಡಕ್ಕ ನೋಡೋ. ಕುಡ್ಡ ಇದ್ದೀಯೇನ?" ಎಂದು ನಗುತ್ತಾ ಕೂಗಿದ. ನಾನು ತಿರುಗಿ ನೋಡಿದಾಗಷ್ಟೇ ಗಾಡಿ ಕಂಡಿತು. ಅವನ ನಗು ನಿಂತಿತು. ಆಟ ನಿಲ್ಲಿಸಿ, ಪರದೆಯ ನಡುವೆಯೇ ದಿಟ್ಟಿಸು ಎಂದು ಹೇಳಿ, ಬಾಣದ ಗುರುತನ್ನು ಎಡ ತುದಿಯಿಂದ ನಿಧಾನವಾಗಿ ಒಳಗೆ ತಂದ. ಕಂಡ ಕೂಡಲೇ ಹೇಳು ಎಂದ. ನಾನು ಕಾಯುತ್ತಾ ಕೂತೆ. ಅವನು ಇನ್ನೂ ಶುರು ಮಾಡಿಲ್ಲವೆಂದೇ ನನ್ನ ಎಣಿಕೆ. ನಾನು "ಹಾಂ" ಎಂದಾಗ ಬಾಣ ಹೆಚ್ಚುಕಡಿಮೆ ನನ್ನ ಮೂಗಿನ ಎದುರಿಗೇ ಬಂದಿತ್ತು. ಬಲದಿಂದಲೂ ಹಾಗೇ. ಸಂಜಯ ನನ್ನ ಹೆಗಲ ಮೇಲೆ ಕೈ ಇಟ್ಟ. ಕಳೆದ ತಿಂಗಳು ಮಹಾಲಿಂಗಪುರದ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರಿಗೆ ನನ್ನ ಗಾಡಿ ತಾಗಿ ಬಿದ್ದೆನಲ್ಲ, ಆ ಡ್ರೈವರನಿಗೆ ಬಾಯಿಗೆ ಬಂದಂತೆ ಬೈದಿದ್ದೆ. ಅದು ಆಗ ನೆನಪಾಯಿತು.

ಮಿರಜಿನ ಕಣ್ಣಿನ ಆಸ್ಪತ್ರೆಗೆ ಹೋದೆವು, ನಾನು ಮತ್ತು ಅವ್ವ. ಅಪ್ಪ ಬರಲಿಲ್ಲ. ಗಲ್ಲವನ್ನು ಒಂದು ಆಸರೆಯ ಮೇಲೆ ಇಡಿಸಿ, ಬಟ್ಟಲಿನಂಥ ಯಂತ್ರದೊಳಗೆ ನೋಡಲು ಹೇಳಿ, ಬೆಳಕಿನ ಚುಕ್ಕಿ ಕಂಡಾಗೆಲ್ಲ ಗುಂಡಿ ಒತ್ತು ಎಂದರು. ಯಂತ್ರ ಕೆಟ್ಟಿದೆ ಅಂದುಕೊಂಡು ಸುಮ್ಮನೆ ಕೂತೆ. ನರ್ಸ್ ಮರಾಠಿಯಲ್ಲಿ ಒತ್ತು, ಒತ್ತು ಎಂದು ನೆನಪಿಸುತ್ತಲೇ ಇದ್ದಳು. ಡಾಕ್ಟರು ಕನ್ನಡ ಬಲ್ಲವರು, ಒಳ್ಳೆಯ ಮನುಷ್ಯ. ಕಣ್ಣಿನ ಒಳಗಿನ ಪದರು ಸುತ್ತಲಿನಿಂದ ಸಾಯುತ್ತಾ ಬರುತ್ತಿದೆ, ನಡುವಿನ ನೋಟ ಇನ್ನೂ ಕೆಲವು ವರ್ಷ ಉಳಿಯಬಹುದು, ಎಷ್ಟು ವರ್ಷ ಎಂದು ಯಾರೂ ಹೇಳಲಾರರು ಎಂದರು. ಹೋದದ್ದು ಮರಳಿ ಬರುವಂಥ ಔಷಧ ನನ್ನ ಹತ್ತಿರ ಇಲ್ಲ ಎಂದರು. ಸುತ್ತು ಬಳಸದೆ ಹೇಳಿದ್ದಕ್ಕೆ ಅವರ ಮೇಲೆ ನನಗೆ ಸಿಟ್ಟೂ ಬಂತು, ಗೌರವವೂ ಬಂತು.

ಆಮೇಲೆ ಅವರು ಅವ್ವನನ್ನು ಕೇಳಿದರು, ನಿಮ್ಮಲ್ಲಿ ಸಂಬಂಧದೊಳಗೇ ಮದುವೆಯಾಗಿದೆಯೇ ಎಂದು. ಅವ್ವ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. ಅವಳ ಮುಖದಲ್ಲಿ ಆ ಹೊತ್ತು ಎಂಥ ಹೆಮ್ಮೆ ಇತ್ತು ಗೊತ್ತೇ? "ನಮ್ಮ ಮನ್ಯಾಗ ಹೊರಗಿನ ಹೆಣ್ಣ ತಂದs ಇಲ್ರಿ. ನಾ ನಮ್ಮ ಮನಿಯವರಿಗೆ ಖಾಸ ಅಕ್ಕನ ಮಗಳ್ರಿ. ನನ್ನ ಮಗಳನ್ನ ನನ್ನ ತಮ್ಮಗs ಕೊಟ್ಟೀನ್ರಿ. ಈಗ ಇವಗೂ ಅಕ್ಕನ ಮಗಳ್ನs ತರಾಕತ್ತೇವ್ರಿ, ಅಕ್ಷಯ ತದಿಗಿಗೆ ಅಕ್ಕಿಕಾಳ. ನೀವೂ ಬರ್ರಿ" ಎಂದಳು. ಡಾಕ್ಟರು ಪೆನ್ನು ಕೆಳಗಿಟ್ಟರು. ನಿಮ್ಮ ಹಿರಿಯರಲ್ಲಿ ಯಾರಿಗಾದರೂ ಇರುಳುಗುರುಡು ಇತ್ತೇ ಎಂದು ಕೇಳಿದರು. ಅವ್ವ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಮುತ್ಯಾ ಸಂಜೆಯಾದರೆ ಗೋಡೆ ಸವರಿಕೊಂಡು ನಡೆಯುತ್ತಿದ್ದ, ಕೊನೆಗೆ ಹಗಲೂ ಕಾಣದಾಯಿತು. ಕಂದೀಲಿನ ಬೆಳಕಿನಲ್ಲಿ ನೇಯ್ದು ನೇಯ್ದು ಹೀಗಾಯಿತು ಎಂದು ನಾವೆಲ್ಲ ನಂಬಿದ್ದೆವು. ಆ ಮುತ್ಯಾ ಅಪ್ಪನಿಗೆ ತಂದೆ, ಅವ್ವನಿಗೂ ಮಾಮಾನಿಗೂ ತಾಯಿಯ ತಂದೆ. ಯಾವ ದಾರಿಯಿಂದ ಬಂದರೂ ನಾವೆಲ್ಲ ಅವನ ಮನೆಯನ್ನೇ ಮುಟ್ಟುತ್ತೇವೆ ಅಕ್ಕಾ.

ಈ ಮದುವೆಯಾದರೆ ಹುಟ್ಟುವ ಮಕ್ಕಳಿಗೆ ಇದು ಬರುವ ಭಯ ದೊಡ್ಡದು ಎಂದು ಡಾಕ್ಟರು ಹೇಳಿದರು. ನಿನ್ನನ್ನೂ ಶ್ರೀದೇವಿಯನ್ನೂ ಒಮ್ಮೆ ತೋರಿಸಿ ಎಂದೂ ಹೇಳಿದ್ದಾರೆ. ಅದೇನು ಅವಸರವಿಲ್ಲ, ಅವಳ ಪರೀಕ್ಷೆ ಮುಗಿಯಲಿ. ರಂಗೋಲಿಯಲ್ಲಿ ಒಂದು ಚುಕ್ಕೆ ತಪ್ಪದ ಹುಡುಗಿ ಅವಳು, ಅವಳ ಕಣ್ಣಿಗೆ ಏನಾದೀತು. ಬಸ್ಸಿನಲ್ಲಿ ಬರುವಾಗ, ಕುಡಚಿ ದಾಟಿದ ಮೇಲೆ, ಅವ್ವ ನನ್ನ ಕೈ ಹಿಡಿದುಕೊಂಡು ಅತ್ತಳು. ಮನೆಗೆ ಬಂದು ಅಪ್ಪನಿಗೆ ಹೇಳಿದರೆ ಅವನು ಒಪ್ಪಲೇ ಇಲ್ಲ. "ಆಟ ಆಡಿ ಆಡಿ ಕಣ್ಣ ಹಾಳ ಮಾಡ್ಕೊಂಡ ಈಗ ನಮ್ಮ ಹಿರ್ಯಾರ ಮ್ಯಾಲ ಹಾಕಾಕತ್ತಾನ" ಎಂದು ಅಂಗಳದಲ್ಲಿ ನಿಂತು ನಾಲ್ಕು ಮನೆಗೆ ಕೇಳುವಂತೆ ಕೂಗಿದ. ಅದಾದ ಮೇಲೆ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಅವನು ಹಗುರಾಗಲು ಯಾರನ್ನಾದರೂ ಬೈಯಲೇಬೇಕು, ಬೈಯಲಿ.

ಅಕ್ಕಾ, ಮದುವೆ ಬೇಡ. ನಾನು ಕೈಮುಗಿದು ಕೇಳುವುದು ಇಷ್ಟೇ. ಅವಳು ಹುಟ್ಟಿದ ದಿನದಿಂದ ನಮ್ಮಿಬ್ಬರ ಹೆಸರು ಜೋಡಿಸಿ ಕಾಡಿದ್ದೀರಿ, ಮೊದಮೊದಲು ನನಗೆ ನಾಚಿಕೆ, ಆಮೇಲೆ ರೂಢಿ. ಈಗ ಹೇಳುತ್ತೇನೆ ಕೇಳು, ನನಗೆ ಅವಳೆಂದರೆ ಜೀವ. ಅದಕ್ಕೇ ಬೇಡ. ಗಂಡನ ಕೈ ಹಿಡಿದು ಸಂತೆಗೆ ಕರೆದೊಯ್ಯುವ ಬಾಳು ಅವಳಿಗೆ ಬೇಡ, ಮಡಿಲಲ್ಲಿ ಕೂಸು ಇಟ್ಟುಕೊಂಡು ಇದಕ್ಕೆ ಕಾಣುತ್ತದೋ ಇಲ್ಲವೋ ಎಂದು ಅದರ ಮುಖದ ಮುಂದೆ ಬೆರಳು ಆಡಿಸುವ ಬಾಳು ಬೇಡ. ನವ್ಯಾ ಕೆಟ್ಟವನು, ನವ್ಯಾನಿಗೆ ಬೇರೆ ಮನಸ್ಸಿದೆ, ಏನು ಬೇಕಾದರೂ ನೆಂಟರಿಗೆ ಹೇಳಿ ನನ್ನ ಮೇಲೆ ಹಾಕು. ಅವಳಿಗೆ ಒಳ್ಳೆಯ ಮನೆ ನೋಡಿ, ದೂರದ ಮನೆ, ನಮ್ಮ ರಕ್ತ ಸೋಂಕದ ಮನೆ. ನನಗೆ ಹೆದರಿಕೆಯಾಗಿದೆ ಅಕ್ಕಾ. ಹಗಲೆಲ್ಲ ಕೆಲಸ ಮಾಡುತ್ತೇನೆ, ಸಣ್ಣ ಮಾನಿಟರಿಗೆ ಮರಳಿದ್ದೇನೆ, ಎಡ ಬಲ ಕುತ್ತಿಗೆ ತಿರುಗಿಸಿ ನೋಡುವುದನ್ನು ಕಲಿಯುತ್ತಿದ್ದೇನೆ. ದೊಡ್ಡದನ್ನು ಸಂಜಯನಿಗೆ ಕೊಟ್ಟೆ. ಮಾನಿಟರ್ ಚೆನ್ನಾಗಿದೆ, ಅದರಲ್ಲಿ ದೋಷವಿಲ್ಲ ಎಂದು ವಿಡಿಯೋದಲ್ಲಿ ಹೇಳು ಎಂದೆ. ಅವನು ವಿಡಿಯೋ ಮಾಡುವುದನ್ನೇ ಬಿಟ್ಟ.

ಮಾಮಾನಿಗೆ ನೀನೇ ತಿಳಿಸಿ ಹೇಳು. ಅವರಿಗೂ ಅಲ್ಲಿರುವ ಅಜ್ಜಿಗೂ ನನ್ನ ನಮಸ್ಕಾರ. ಶ್ರೀದೇವಿಗೆ ಸೋದರಮಾವನಾಗಿ ಆಶೀರ್ವಾದ ಎಂದು ಬರೆಯಬೇಕು, ಇಷ್ಟು ದಿನ ಬರೆಯದ ಮಾತು ಅದು. ಬರೆದಿದ್ದೇನೆ. ಮೊಣಕಾಲಿಗೆ ಎಣ್ಣೆ ತಿಕ್ಕಿಕೋ, ಮರೆಯಬೇಡ.

ನಿನ್ನ
ನವೀನ ಗೂಳಪ್ಪ

ತಾ.ಕ.: ಬುಧವಾರ ಬೆಳಿಗ್ಗೆ. ಕಾಗದ ಮುಗಿಸಿದ ಮೇಲೆ, ಶ್ರೀದೇವಿಗೆ ಬೇರೆಯವರ ಬಾಯಿಂದ ತಿಳಿಯುವುದು ಬೇಡವೆಂದು ನಿನ್ನೆ ಸಂಜೆ ನಾನೇ ಅವಳ ಮೊಬೈಲಿಗೆ ಫೋನು ಮಾಡಿದೆ. ಮದುವೆಯ ಮಾತು ಎತ್ತಲು ಧೈರ್ಯವಾಗದೆ ಮೊದಲು ನನ್ನ ಕಣ್ಣಿನ ವಿಷಯ ಹೇಳಿದೆ. ಎದುರಿಗಿದ್ದವರ ಮುಖ ನೋಡಿದರೆ ಅವರ ಕೈ ಕಾಣುವುದಿಲ್ಲ, ಹೊಸಿಲು ದಾಟಲು ತಲೆ ಬಗ್ಗಿಸಿ ಹುಡುಕಬೇಕು, ಹೊತ್ತು ಮುಳುಗಿದರೆ ಅಂಗಳವೇ ಇರುವುದಿಲ್ಲ ಎಂದೆ. ಅವಳು ನಕ್ಕುಬಿಟ್ಟಳು. "ಮಾಮಾ, ಇಷ್ಟಕ್ಕs ಡಾಕ್ಟರ್ ಕಡೆ ಹೋಗಿದ್ದೇನ? ಎಲ್ಲಾರ್ಗೂ ಹಂಗs ಕಾಣೂದಲ್ಲ?" ಎಂದಳು. ಮದುವೆಯ ಮಾತು ಎತ್ತದೆಯೇ ಫೋನು ಇಟ್ಟೆ. ಪರೀಕ್ಷೆ ಗಿರೀಕ್ಷೆ ಎಂದು ಕಾಯಬೇಡ, ನಾಳೆಯೇ ಮಿರಜಿಗೆ ಕರೆದುಕೊಂಡು ಹೋಗು, ನಾನು ಅಲ್ಲಿಗೇ ಬರುತ್ತೇನೆ. ಗುರುಸಿದ್ದ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ. ಅಕ್ಕಾ, ಅವಳು ಕಾಲೇಜಿಗೆ ಒಯ್ಯುವ ಸ್ಕೂಟಿಯ ಚಾವಿ ಈ ಕಾಗದ ಓದಿದ ಕೂಡಲೇ ತೆಗೆದು ನಿನ್ನ ಹತ್ತಿರ ಇಟ್ಟುಕೋ.