ನವಿಲಾದ ಸರ್ಟಿಫಿಕೇಟು

ಅಣ್ಣಾ,

ಬಡ್ತಿಗೆ ಹಳೇ ಪಾಸಿನ ಪುರಾವೆನೂ ಬೇಕಂತ ನೀ ಮೂರು ದಿನದಿಂದ ಹುಡಕಾಕತ್ತಿದ್ದ ಉರ್ದು ಪರೀಕ್ಷಾದ ಸರ್ಟಿಫಿಕೇಟು ಸಿಕ್ಕೈತಿ. ಟ್ರಂಕಿನ ಮ್ಯಾಲೆ ನನ್ನ ಚಿತ್ರದ ಬುಕ್ಕೈತಿ, ನೋಡು. ಸರ್ಟಿಫಿಕೇಟು ಕತ್ತರಿಸಿ ಅದರಾಗ ನವಿಲು ಮಾಡಿ ಅಂಟಿಸೀನಿ.

ಬೈಬ್ಯಾಡ. ಹೋದ ವರ್ಷ “ಕಚೇರಿ ಎಲ್ಲಾ ಕನ್ನಡ ಆತು, ಈ ಉರ್ದು ಕಾಗದ ರದ್ದಿಗೆ ಹಾಕು” ಅಂದಾಂವ ನೀನ. ಅಂಥಾ ಬಂಗಾರದ ಅಂಚು ರದ್ದಿಗೆ ಹಾಕಾಕ ಮನಸು ಬರಲಿಲ್ಲ.

ನಿನ್ನೆ ಬಿಸಿನೀರಿನ ಉಗಿ ಹಿಡದು ಬಿಡಿಸಾಕ ನೋಡಿದೆ. ಮೈದಾ ಅಂಟು ಬಿಡವಲ್ದು. ನಿನ್ನ ಹೆಸರು ಕುತ್ತಿಗಿ ಮ್ಯಾಲೈತಿ, ಮೊಹರು ಗರಿಯೊಳಗೈತಿ. ಪೂರಾ ಬುಕ್ಕ ಒಯ್ದು ಸಾಹೇಬರಿಗೆ ತೋರಿಸು. ಚಂದ ಐತಿ ಅಂದ್ರ, ಮಾಡಿದಾಕಿ ನನ್ನ ತಂಗಿ ಅಂತ ಹೇಳು.

ನಾ ರಂಗಂಪೇಟಿಗೆ ದೊಡ್ಡವ್ವನ ಮನಿಗೆ ಹೊಂಟೀನಿ. ನಿನ್ನ ಸಿಟ್ಟು ಇಳದ ಮ್ಯಾಲೆ ಬರ್ತೀನಿ.

ಬಡ್ತಿ ಹುಕುಂ ಬಂದ್ರ ಕೀಲಿ ಹಾಕಿ ಇಡು. ಹೆಣ್ಣು ನವಿಲು ಮಾಡೋದು ಇನ್ನೂ ಬಾಕಿ ಐತಿ.

ಮೋನಮ್ಮ