ಶೂ ಹಾಕಿಕೊಂಡೇ ಮಾದಪ್ಪನ ಬೆಟ್ಟಕ್ಕೆ

ಫೆಬ್ರವರಿ ೧೦, ಬೆಳಿಗ್ಗೆ. ಕೋಡಿಹಳ್ಳಿ

ಇನ್ಸುಲಿನ್ ಆಯಿತು. ಇಡ್ಲಿ ಆಯಿತು. ಶೂ ಲೇಸು ಕಟ್ಟುತ್ತಿದ್ದಾಗ ಚನ್ನಲಿಂಗಪ್ಪ ಭಾವ ಬಂದರು. ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ನಡೆಯುವ ನಮ್ಮೂರ ಗುಂಪಿಗೆ ಅವರೇ ಯಜಮಾನರು. ಎಲ್ಲರೂ ಬರಿಗಾಲು, ಅದು ಪದ್ಧತಿ. ನನ್ನ ಕಾಲು ನೋಡಿ ಮುಖ ಸಿಂಡರಿಸಿದರು. ಬರುವುದಾದರೆ ಗುಂಪಿನ ಹಿಂದೆ, ದೂರದಲ್ಲಿ ಬರಬೇಕಂತೆ.

ಹೋದ ವರ್ಷ ಶುಗರ್‌ನಿಂದ ಒಂದು ಕಾಲ್ಬೆರಳು ಹೋಯಿತು. ಆಪರೇಷನ್‌ಗೆ ಮುಂಚೆ ಹರಕೆ ಕಟ್ಟಿಕೊಂಡೆ — ಮಾದಪ್ಪಾ, ಪಾದ ಉಳಿಸು, ನಡೆದು ಬರುತ್ತೇನೆ. ನಡೆದು ಅಂದಿದ್ದೆ. ಬರಿಗಾಲಲ್ಲಿ ಅಂದಿರಲಿಲ್ಲ. ಡಾಕ್ಟರ್ ಮನೆಯೊಳಗೂ ಬರಿಗಾಲು ಬೇಡ ಅಂದಿದ್ದಾರೆ.

ಹಿಂದೆಯೇ ಹೋಗುತ್ತೇನೆ. ದಾರಿ ಏನು ಇವರಪ್ಪನದಾ?

ಫೆ. ೧೧, ಸಂಜೆ. ಸಂಗಮ ದಾಟಿ

ಹೊಳೆಯಲ್ಲಿ ಸೋತೆ. ಕಾವೇರಮ್ಮನನ್ನು ಶೂನಲ್ಲಿ ತುಳಿಯಬೇಡ ಅಂತ ಭಾವ ಎಲ್ಲರೆದುರು ಅಂದರು. ನನಗೂ ಹೆದರಿಕೆಯಾಯಿತು. ಬಿಚ್ಚಿ ಕುತ್ತಿಗೆಗೆ ನೇತುಹಾಕಿಕೊಂಡೆ. ಕಲ್ಲು ಚುಚ್ಚಿ ಎಲ್ಲರೂ ಅಯ್ಯೋ ಅಪ್ಪಾ ಅನ್ನುತ್ತಿದ್ದರು. ನನಗೇನೂ ಅನಿಸಲಿಲ್ಲ. ಆಚೆ ದಡದಲ್ಲಿ ಭಾವನ ಮಗಳು ಹೇಮಶ್ರೀ ಕೈ ಹಿಡಿದು ಎಳೆದುಕೊಂಡಳು.

“ಚಿಕ್ಕಮ್ಮ, ಬಂಡೆ ಮ್ಯಾಲೆ ರಕ್ತ ಐತೆ. ಯಾರ್ದು?”

ನನ್ನದೇ. ಹಿಮ್ಮಡಿ ಸೀಳಿತ್ತು. ಗೊತ್ತೇ ಆಗಿರಲಿಲ್ಲ... ನೋವು ತಿಳಿಯದ ಕಾಲು, ಅದೇ ನನ್ನ ಭಯ. ಅವಳೇ ತೊಳೆದು ಪಟ್ಟಿ ಕಟ್ಟಿದಳು. ಭಾವ ನೋಡಿಯೂ ನೋಡದವರಂತೆ ಬೀಡಿ ಹಚ್ಚಿದರು. ವ್ರತದಲ್ಲಿ ಬೀಡಿ ನಡೆಯುತ್ತದೆ!

ಇನ್ನು ಗುಡಿ ಬಾಗಿಲವರೆಗೆ ಶೂ ಬಿಚ್ಚುವುದಿಲ್ಲ.

ಫೆ. ೧೩. ಕೌದಳ್ಳಿ

ಎರಡು ದಿನ ಬರೀ ಕಾಡು. ಬಿದಿರು, ಲಂಟಾನ, ಆನೆ ಲದ್ದಿ. ಹೇಮಶ್ರೀ ಗುಂಪು ಬಿಟ್ಟು ನನ್ನ ಜೊತೆಗೇ ನಡೆಯುತ್ತಿದ್ದಾಳೆ. ಕೂತಲ್ಲೆಲ್ಲ ಮೊಬೈಲ್ ಟಾರ್ಚ್ ಹಾಕಿ ಪಾದ ನೋಡುತ್ತಾಳೆ. ಅಪ್ಪನ ಹತ್ತಿರ ಬೈಸಿಕೊಂಡಳು; ಕೇಳಲಿಲ್ಲ. ಗಾಯ ಒಣಗುತ್ತಿದೆ. ಜ್ವರ ಇಲ್ಲ. ಗುಂಪಿನ ಲಗೇಜ್ ವ್ಯಾನ್ ಹತ್ತು ಅಂತ ಭಾವ ಅಂದರು. ಹತ್ತಲಿಲ್ಲ.

ಫೆ. ೧೪, ಬೆಳಿಗ್ಗೆ ಆರು. ತಾಳಬೆಟ್ಟ

ಇಲ್ಲಿಂದ ಬೆಟ್ಟ ಹತ್ತುವುದು. ಭಾವ ಎದುರು ಬಂದು ನಿಂತರು.

“ಇಲ್ಲಿಂದ ಮ್ಯಾಕೆ ದೇವ್ರ ನೆಲ ಕಣಮ್ಮ ಉಮಾ. ಅದ್ನ ಇಲ್ಲೇ ಬುಟ್ಟು ಬಾ. ಇಲ್ಲಾಂದ್ರೆ ಬಸ್ ಹತ್ತು.”

“ಮಾದಪ್ಪ ಉಳಿಸ್ಕೊಟ್ಟಿರೋ ಕಾಲು ಇದು, ಭಾವ. ನಿಮ್ ಮಾತ್ಗೆ ಕಳ್ಕಳಕ್ಕಾಯ್ತದಾ?”

ಭಾವ ಬೆಟ್ಟದ ಬುಡದ ಪೂಜೆಗೆ ತಿರುಗಿದರು. ಪೂಜೆ ಮುಗಿಯುವಷ್ಟರಲ್ಲಿ ಯೋಚನೆ ಮಾಡು ಅಂದು ಹೋದರು.

ಯೋಚನೆ ಆಯಿತು. ಹಿಂದೆ ನಡೆದದ್ದು ಸಾಕು. ಅವರು ಕರ್ಪೂರ ಹಚ್ಚುತ್ತಿದ್ದಾರೆ. ನಾನು ಮುಂದೆ ಹೊರಟೆ. ಮಣ್ಣು ದಾರಿ, ಇಬ್ಬನಿ ಬಿದ್ದಿದೆ. ಭಾವ ನನ್ನ ಶೂ ಗುರುತು ತುಳಿದುಕೊಂಡೇ ಬರಬೇಕು. ಬರಲಿ. ನಾನು ಇನ್ನು ಗುಡಿ ಬಾಗಿಲಲ್ಲೇ ನಿಲ್ಲುವುದು.